9-ಬಾಲ್ ಪೂಲ್‌ನಲ್ಲಿ ವಿಶ್ವ ಚಾಂಪಿಯನ್ ಮಟ್ಟ ಅಂದರೆ ಎಷ್ಟು? ತುಮಕೂರಿನ ಟೇಬಲ್ ಮೇಲೆ ಅಳೆದು ನೋಡುವ ಕ್ರಮ

9-ಬಾಲ್ ಎಂದರೆ ಬಿಳಿ ಬಾಲನ್ನು (ವೈಟ್) ಪ್ರತಿ ಸಲ ಅತಿ ಚಿಕ್ಕ ನಂಬರಿನ ಬಾಲ್‌ಗೆ ಮೊದಲು ತಾಗಿಸುತ್ತಾ ಆಡಿ, 9ನ್ನು ಪಾಕೆಟ್‌ಗೆ ಹಾಕಿದವರು ಗೆಲ್ಲುವ ಪೂಲ್ ಆಟ. ಅಂಥ ಒಂದು ಸುತ್ತಿಗೆ ರ್ಯಾಕ್ ಎಂದು ಹೆಸರು, ಜೋಡಿಸಿಟ್ಟ ಬಾಲ್‌ಗಳಿಗೂ ಅದೇ ಹೆಸರು. 2024ರ ವಿಶ್ವ 9-ಬಾಲ್ ಫೈನಲ್ ಜೆಡ್ಡಾದಲ್ಲಿ ನಡೆಯಿತು. ಫೆಡರ್ ಗೋರ್ಸ್ಟ್ 15–14ರಲ್ಲಿ ಗೆದ್ದರು. ಅಂದರೆ 29 ರ್ಯಾಕ್‌ನಲ್ಲಿ 14 ಸೋತವರ ಕೈಗೆ ಕಪ್ ಬಂತು. ಮರುವರ್ಷ ಅದೇ ಊರಿನಲ್ಲಿ ಕಾರ್ಲೊ ಬಿಯಾಡೊ ಅದೇ ಗೋರ್ಸ್ಟ್‌ರನ್ನು 15–13ರಲ್ಲಿ ಸೋಲಿಸಿದರು. ಈ ಮಟ್ಟಕ್ಕೆ ಬಂದವರೆಲ್ಲ ಕಂಡ ಬಾಲನ್ನು ಪಾಟ್ ಮಾಡುತ್ತಾರೆ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ. ಫೈನಲ್ ವಾಲುವುದು ಬೇರೆ ಕಡೆ: ಬ್ರೇಕ್ (ಜೋಡಿಸಿದ ಬಾಲ್‌ಗಳನ್ನು ಚದುರಿಸುವ ಮೊದಲ ಹೊಡೆತ) ಆದ ಮೇಲೆ ವೈಟ್ ಎಲ್ಲಿ ನಿಂತಿತು, ಶಾಟ್ ಇಲ್ಲದಾಗ ಏನು ಮಾಡಿದರು, ಆರನೇ ದಿನದ ರಾತ್ರಿಯೂ ಮೊದಲ ದಿನದ ಕೈಯೇ ಇತ್ತೇ ಎಂಬ ಕಡೆ.

ನಮ್ಮ ಕಡೆ ಪಾರ್ಲರ್‌ಗಳಲ್ಲಿ ಶಿಳ್ಳೆ ಬೀಳುವುದು ಉದ್ದದ ತೆಳು ಕಟ್‌ಗೆ, ಅಂದರೆ ದೂರದ ಬಾಲಿನ ಅಂಚಿಗಷ್ಟೇ ತಾಗಿಸಿ ಓರೆಯಾಗಿ ಪಾಟ್ ಮಾಡುವುದಕ್ಕೆ. ಬಿ.ಎಚ್. ರಸ್ತೆಯ ಕಾಲೇಜು ಹುಡುಗರಲ್ಲಿ ಅಂಥ ಕಟ್ ಹಾಕುವವರಿಗೇನೂ ಕೊರತೆಯಿಲ್ಲ. ಆದರೆ ಅದೇ ರ್ಯಾಕನ್ನು ಚಾಂಪಿಯನ್ ಆಡಿದರೆ ಆ ಕಟ್ ಬರುವುದೇ ಇಲ್ಲ, ಯಾಕೆಂದರೆ ಎರಡು ಶಾಟ್ ಹಿಂದೆಯೇ ವೈಟನ್ನು ಸುಲಭದ ಜಾಗಕ್ಕೆ ತಂದಿರುತ್ತಾರೆ. ನೋಡುವವರಿಗೆ ಸಪ್ಪೆ ಎನಿಸುವಷ್ಟು ಸುಲಭವಾಗಿ ಆಡುವುದೇ ಆ ಮಟ್ಟದ ಗುರುತು. ಅದನ್ನು ಊರಿನ ಟೇಬಲ್ ಮೇಲೆ ಹೇಗೆ ಅಳೆಯುವುದು, ಹೇಗೆ ರೂಢಿಸುವುದು ಎಂಬುದು ಇಲ್ಲಿದೆ.

ಬಿರುದಿನ ಬಗ್ಗೆ ಒಂದು ಮಾತು. ಪುರುಷರ ವಿಶ್ವ 9-ಬಾಲ್ ಚಾಂಪಿಯನ್‌ಶಿಪ್ ಶುರುವಾದದ್ದು 1990ರಲ್ಲಿ. ಒಮ್ಮೆ ಗೆದ್ದವರ ಪಟ್ಟಿ ಉದ್ದವಿದೆ. ತೈವಾನ್‌ನ ವೂ ಚಿಯಾ-ಚಿಂಗ್ 2005ರಲ್ಲಿ 16ನೇ ವಯಸ್ಸಿಗೇ ಗೆದ್ದರು. ವರ್ಷಗಳ ಅಂತರದಲ್ಲಿ ಮತ್ತೆ ಗೆದ್ದವರು ಕಡಿಮೆ, ಅವರಲ್ಲಿ ಕೆಲವರು: ಅರ್ಲ್ ಸ್ಟ್ರಿಕ್‌ಲ್ಯಾಂಡ್ 1990, 1991 ಮತ್ತು 2002ರಲ್ಲಿ, ಥಾರ್ಸ್ಟನ್ ಹೋಮನ್ 2003 ಮತ್ತು 2013ರಲ್ಲಿ, ಬಿಯಾಡೊ 2017 ಮತ್ತು 2025ರಲ್ಲಿ. ಹತ್ತು ವರ್ಷದಲ್ಲಿ ಬಟ್ಟೆ, ಪಾಕೆಟ್, ಬ್ರೇಕ್ ನಿಯಮ ಎಲ್ಲ ಬದಲಾಗುತ್ತವೆ. ಅಷ್ಟೂ ಬದಲಾದ ಮೇಲೂ ಗೆದ್ದವರನ್ನು ನಾವು ಒಂದು ಮಣೆ ಮೇಲೆ ಕೂರಿಸುತ್ತೇವೆ.

ಮೊದಲು ಟೇಬಲ್ ನೋಡಿ

ವಿಶ್ವ ಮಟ್ಟದ ಪಂದ್ಯ ನಡೆಯುವುದು 9 ಅಡಿ ಟೇಬಲ್ ಮೇಲೆ. ಕುಶನ್‌ನಿಂದ ಕುಶನ್‌ಗೆ ಆಡುವ ಜಾಗ 100 × 50 ಇಂಚು. ಜಿಲ್ಲಾ ಕೇಂದ್ರಗಳ ಪಾರ್ಲರ್‌ಗಳಲ್ಲಿ ಹೆಚ್ಚಾಗಿ ಸಿಗುವುದು 8 ಅಡಿಯದು. ಅದರ ಸಾಮಾನ್ಯ ಅಳತೆ 88 × 44 ಇಂಚು. ಇಲ್ಲಿ ಬಾಲ್‌ಗಳ ನಡುವಿನ ದೂರ ಕಡಿಮೆ, ಹಾಗಾಗಿ ಪಾಟ್ ಸುಲಭ, ಆದರೆ ಬಾಲ್‌ಗಳು ಒತ್ತಾಗಿ ಗುಂಪು ಕಟ್ಟುವುದು ಜಾಸ್ತಿ. 8 ಅಡಿಯಲ್ಲಿ ರ್ಯಾಕ್ ಖಾಲಿ ಮಾಡುವವರು 9 ಅಡಿಗೆ ಹೋದಾಗ ಎಡವುವುದು ಉದ್ದದ ಶಾಟ್‌ನಲ್ಲಿ ಎಂದುಕೊಳ್ಳುತ್ತಾರೆ. ನಿಜವಾಗಿ ಎಡವುವುದು ವೇಗದಲ್ಲಿ: ವೈಟ್ ಒಂದು ಅಡಿ ಮೊದಲೇ ನಿಲ್ಲುತ್ತದೆ, ಮುಂದಿನ ಶಾಟ್‌ನ ಕೋನ ಕೆಡುತ್ತದೆ.

ಆಟ ಶುರು ಮಾಡುವ ಮೊದಲು ಐದು ನಿಮಿಷ ಹೀಗೆ ನೋಡಿ. ಪ್ರಮಾಣಿತ ಬಾಲ್ ಅಗಲ 2.25 ಇಂಚು, ಅಂದರೆ 57.15 ಮಿ.ಮೀ. ಮೂಲೆ ಪಾಕೆಟ್‌ನ ಬಾಯಿಗೆ ಅಂತರರಾಷ್ಟ್ರೀಯ ನಿಯಮ ಹೇಳುವುದು 4.5ರಿಂದ 4.625 ಇಂಚು. ಹಾಗಾಗಿ ಟೇಪ್ ಬೇಕಿಲ್ಲ, ಎರಡು ಬಾಲನ್ನು ಅಕ್ಕಪಕ್ಕ ಹಿಡಿದು ಪಾಕೆಟ್ ಬಾಯಿಗೆ ಇಡಿ. ಒತ್ತಾಗಿ ಕೂತರೆ ಪಾಕೆಟ್ ಸರಿಯಿದೆ, ನಡುವೆ ಬೆರಳು ಹೋಗುವಷ್ಟು ಜಾಗವಿದ್ದರೆ ಸಡಿಲ. ಸಡಿಲ ಪಾಕೆಟ್‌ನಲ್ಲಿ ಅಭ್ಯಾಸ ಮಾಡುವಾಗ ನಿಯಮ ಬಿಗಿ ಮಾಡಿಕೊಳ್ಳಿ: ದವಡೆಗೆ (ಪಾಕೆಟ್ ಬಾಯಿಯ ಅಂಚಿಗೆ) ತಾಗಿ ಒಳಗೆ ಬಿದ್ದ ಬಾಲ್ ಕೂಡ ಮಿಸ್ ಎಂದೇ ಬರೆಯಿರಿ.

ಮಟ್ಟ ನೋಡಲು ವೈಟನ್ನು ಕೈಯಿಂದ ಬಲು ನಿಧಾನ ಉರುಳಿಸಿ, ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ. ನಿಲ್ಲುವ ಮುಂಚೆ ಯಾವ ಕಡೆ ತಿರುಗಿತು ನೋಡಿ. ಎರಡೂ ದಿಕ್ಕಿನಿಂದ ಉರುಳಿಸಿದಾಗಲೂ ಒಂದೇ ಕಡೆ ವಾಲಿದರೆ ಟೇಬಲ್ ಇಳಿದಿದೆ. ಮಾರ್ಕರ್‌ಗೆ (ಪಾರ್ಲರ್‌ನಲ್ಲಿ ಟೇಬಲ್ ನೋಡಿಕೊಳ್ಳುವವರಿಗೆ) ಹೇಳಿ, ಕಾಲಿನ ಬೋಲ್ಟ್ ತಿರುಗಿಸಿದರೆ ಸಾಕಾಗಬಹುದು. ಬಟ್ಟೆ ಸ್ನೂಕರ್‌ನದಾಗಿದ್ದರೆ ಅದಕ್ಕೆ ಜೂಲು, ಅಂದರೆ ಒಂದೇ ದಿಕ್ಕಿಗೆ ಬಾಗಿದ ಸಣ್ಣ ರೋಮ, ಇರುತ್ತದೆ. ಜೂಲಿನ ಜೊತೆಗೆ ಹೋದ ಬಾಲ್‌ಗೂ ಎದುರು ಹೋದ ಬಾಲ್‌ಗೂ ವೇಗದಲ್ಲಿ ವ್ಯತ್ಯಾಸ ಬರುತ್ತದೆ. ವಿಶ್ವ ಟೂರ್ನಿಗಳಲ್ಲಿ ಹಾಸುವುದು ಜೂಲಿಲ್ಲದ, ಬಿಗಿ ನೇಯ್ಗೆಯ, ತುಂಬ ಓಡುವ ಬಟ್ಟೆ. ಮಳೆಗಾಲದಲ್ಲಿ ತೇವ ಹಿಡಿದ ಬಟ್ಟೆ ಇನ್ನೂ ನಿಧಾನ. ಆಗ ಕಲಿತ ವೇಗವನ್ನು ಬೇಸಿಗೆಗೆ ನಂಬಬೇಡಿ.

ಬಾಲ್‌ಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಉಜ್ಜಿ. ಇದು ಶೋಕಿಗಲ್ಲ. ಎರಡು ಬಾಲ್ ತಾಗುವಾಗ ಅವುಗಳ ನಡುವಿನ ತಿಕ್ಕಾಟದಿಂದ ಪಾಟ್ ಆಗಬೇಕಾದ ಬಾಲ್ ಸ್ವಲ್ಪ ಆಚೆ ಎಳೆಯಲ್ಪಡುತ್ತದೆ. ಇದನ್ನು ಥ್ರೋ ಅನ್ನುತ್ತಾರೆ. ನಿಧಾನದ ಸ್ಟನ್ ಶಾಟ್‌ನಲ್ಲಿ (ವೈಟ್ ಉರುಳದೆ ಜಾರುತ್ತಾ ತಾಗುವ ಹೊಡೆತ) ಥ್ರೋ ಜಾಸ್ತಿ, ಜೋರಾಗಿ ಹೊಡೆದಾಗ ಕಡಿಮೆ. ಬಾಲ್ ಕೊಳಕಾದಷ್ಟೂ ಹೆಚ್ಚು. ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿಸಿಕೊಂಡು ತಟ್ಟೆ ಇಡ್ಲಿ ತಿಂದ ಕೈಯಲ್ಲೇ ರ್ಯಾಕ್ ಜೋಡಿಸಿ, ಆಮೇಲೆ "ಕಟ್ ದಪ್ಪ ಬೀಳ್ತಿದೆ ಗುರೂ" ಎಂದು ಕಣ್ಣನ್ನು ದೂರುವುದು ತಪ್ಪು.

ಕ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. 58 ಇಂಚು ಉದ್ದ, 19 ಔನ್ಸ್ ಆಸುಪಾಸು, 12ರಿಂದ 13 ಮಿ.ಮೀ. ಟಿಪ್ ಇದ್ದರೆ ಸಾಕು. 9.5 ಮಿ.ಮೀ. ಟಿಪ್‌ನ ಸ್ನೂಕರ್ ಕ್ಯೂನಿಂದ ಪೂಲ್ ಬ್ರೇಕ್ ಹೊಡೆಯಬೇಡಿ. ಪೂಲ್ ಬಾಲ್ 156ರಿಂದ 170 ಗ್ರಾಂ ತೂಗುತ್ತದೆ, ಸಣ್ಣ ಟಿಪ್ಪಿನ ಕೆಳಗಿನ ಹಿತ್ತಾಳೆ ಬಳೆ ಸಡಿಲವಾಗುತ್ತದೆ. ಟಿಪ್‌ನ ಉಬ್ಬು ಸುಮಾರು ಒಂದು ರೂಪಾಯಿ ನಾಣ್ಯದ ಅಂಚಿನ ಬಾಗಿನಷ್ಟಿರಲಿ. ಚಪ್ಪಟೆಯಾದ ಟಿಪ್ ಕೆಳಗೆ ಹೊಡೆದಾಗ ಜಾರುತ್ತದೆ.

ಗೋಸ್ಟ್ ಜೊತೆ ಆಡಿ ಲೆಕ್ಕ ಬರೆಯಿರಿ

ನಿಮ್ಮ ಮಟ್ಟ ತಿಳಿಯಲು ಗೆಳೆಯರನ್ನು ಸೋಲಿಸಿದ್ದು ಲೆಕ್ಕಕ್ಕಿಲ್ಲ, ಗೆಳೆಯರ ಮಟ್ಟ ದಿನಕ್ಕೊಂದು ಥರ. ಎಂದೂ ಮಿಸ್ ಮಾಡದ ಎದುರಾಳಿಯೊಬ್ಬನಿದ್ದಾನೆ ಎಂದುಕೊಂಡು ಒಬ್ಬರೇ ಆಡುವ ಕ್ರಮವೊಂದಿದೆ. ಜಗತ್ತಿನಾದ್ಯಂತ ಅದಕ್ಕೆ ಗೋಸ್ಟ್ ಎಂದೇ ಹೆಸರು.

1. ರ್ಯಾಕ್ ಇಟ್ಟು ಬ್ರೇಕ್ ಮಾಡಿ. ಬ್ರೇಕ್‌ನಲ್ಲಿ ವೈಟ್ ಪಾಕೆಟ್‌ಗೆ ಬಿದ್ದರೂ ಶಿಕ್ಷೆಯಿಲ್ಲ.
2. ಬ್ರೇಕ್ ಆದ ಮೇಲೆ ವೈಟನ್ನು ಕೈಯಲ್ಲಿ ತೆಗೆದು ಬೇಕಾದ ಕಡೆ ಇಡಿ.
3. ಚಿಕ್ಕ ನಂಬರಿನಿಂದ ಶುರು ಮಾಡಿ ಕ್ರಮವಾಗಿ ಎಲ್ಲ ಬಾಲ್ ಹಾಕಿದರೆ ರ್ಯಾಕ್ ನಿಮ್ಮದು. ಒಂದು ಮಿಸ್ ಅಥವಾ ಒಂದು ಫೌಲ್ ಆದರೆ ಗೋಸ್ಟ್‌ನದು.
4. ಯಾರು ಮೊದಲು 7 ರ್ಯಾಕ್ ಮುಟ್ಟುತ್ತಾರೋ ಅವರಿಗೆ ಪಂದ್ಯ.

ಮೊದಲ ದಿನವೇ 9 ಬಾಲ್ ಇಟ್ಟರೆ 7–0 ಸೋತು ಮನೆಗೆ ಹೋಗುತ್ತೀರಿ, ಏನೂ ಕಲಿತಿರುವುದಿಲ್ಲ. 3 ಬಾಲ್ ಚೆಲ್ಲಿ ಶುರು ಮಾಡಿ. ಸತತ ಮೂರು ಪಂದ್ಯ ಗೆದ್ದರೆ ಒಂದು ಬಾಲ್ ಸೇರಿಸಿ. 5ರಿಂದ 6ಕ್ಕೆ ಹೋಗುವ ಕಡೆ ಬಹಳ ಜನ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಅಲ್ಲಿವರೆಗೆ ಪಾಟಿಂಗ್ ಒಂದೇ ಎಳೆದುಕೊಂಡು ಹೋಗುತ್ತದೆ, ಅಲ್ಲಿಂದ ಮುಂದೆ ಪ್ಲಾನ್ ಬೇಕು. 9 ಅಡಿ ಟೇಬಲ್ ಮೇಲೆ 9 ಬಾಲ್ ಗೋಸ್ಟನ್ನು ಮೇಲಿಂದ ಮೇಲೆ ಸೋಲಿಸುವವರು ರಾಷ್ಟ್ರ ಮಟ್ಟದಲ್ಲಿ ನಿಲ್ಲಬಲ್ಲರು ಎಂಬುದು ನಮ್ಮ ಅಂದಾಜು. ವಿಶ್ವ ಮಟ್ಟದವರು ಅದನ್ನು ಬಿಗಿ ಪಾಕೆಟ್‌ನಲ್ಲಿ, 10 ಬಾಲ್ ಇಟ್ಟು ಮಾಡುತ್ತಾರೆ.

ಸೋತ ಪ್ರತಿ ರ್ಯಾಕ್‌ಗೂ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಕಾರಣ ಬರೆಯಿರಿ: ಸುಲಭದ ಪಾಟ್ ತಪ್ಪಿತೋ, ಪೊಸಿಷನ್ ಕೆಟ್ಟು ಕಷ್ಟದ ಪಾಟ್ ತಪ್ಪಿತೋ, ಗುಂಪು ಒಡೆಯುವುದು ತಡವಾಯಿತೋ. ಎರಡನೇ ಕಾಲಂ ಬೇಗ ತುಂಬುವುದನ್ನು ನೋಡುತ್ತೀರಿ. ಮಿಸ್ ಆದ ಶಾಟ್‌ಗಿಂತ ಅದರ ಹಿಂದಿನ ಶಾಟ್‌ನಲ್ಲಿ ತಪ್ಪು ಕೂತಿರುತ್ತದೆ.

ಅಂತರರಾಷ್ಟ್ರೀಯ ಆಟಗಾರರನ್ನು ಹೋಲಿಸಲು ಫಾರ್ಗೊ ರೇಟಿಂಗ್ ಎಂಬ ಲೆಕ್ಕ ಬಳಕೆಯಲ್ಲಿದೆ. ಅದರಲ್ಲಿ 100 ಅಂಕದ ಅಂತರವೆಂದರೆ ಮೇಲಿನವರು ಎರಡು ರ್ಯಾಕ್ ಗೆದ್ದಾಗ ಕೆಳಗಿನವರು ಒಂದು ಗೆಲ್ಲುತ್ತಾರೆ ಎಂಬ ನಿರೀಕ್ಷೆ. 200 ಆದರೆ ನಾಲ್ಕಕ್ಕೆ ಒಂದು. ಊರಿನ ನಂಬರ್ ಒನ್ ಆಟಗಾರನಿಗೂ ವಿಶ್ವ ಚಾಂಪಿಯನ್‌ಗೂ ನಡುವೆ ಇಂಥ ಹಲವು ಮೆಟ್ಟಿಲಿವೆ. ಒಂದು ರ್ಯಾಕ್ ಗೆದ್ದ ಮಾತ್ರಕ್ಕೆ ಅವರನ್ನು ಮುಟ್ಟಿದಂತಲ್ಲ.

ವೈಟ್ ಹೋಗುವ ಮೂರು ದಾರಿ

ಕ್ಯೂ ಆಡಿಸುವ ಕೈ ನೆಟ್ಟಗಿಲ್ಲದೆ ಮುಂದಿನದು ಏನೂ ನಡೆಯದು. ಅದಕ್ಕೆ ಪರೀಕ್ಷೆ ಸ್ಟಾಪ್ ಶಾಟ್. ಒಂದು ಬಾಲನ್ನು ಪಾಕೆಟ್‌ಗೆ ನೇರ ಇಡಿ, ವೈಟನ್ನು 1 ಅಡಿ ಹಿಂದೆ ಇಟ್ಟು ಹೊಡೆಯಿರಿ. ತಾಗಿದ ಜಾಗದಲ್ಲೇ ವೈಟ್ ನಿಲ್ಲಬೇಕು. ಆಮೇಲೆ 2 ಅಡಿ, 3 ಅಡಿ, 4 ಅಡಿ. ದೂರ ಹೆಚ್ಚಾದಂತೆ ಟಿಪ್ ಇನ್ನಷ್ಟು ಕೆಳಗೆ ತಾಗಬೇಕು. ಯಾಕೆಂದರೆ ಹಿಂದಕ್ಕೆ ಸುತ್ತುತ್ತಾ ಹೊರಟ ವೈಟ್‌ನ ಸುತ್ತನ್ನು ದಾರಿಯುದ್ದಕ್ಕೂ ಬಟ್ಟೆ ತಿನ್ನುತ್ತದೆ, ಬಾಲ್‌ಗೆ ತಾಗುವ ಹೊತ್ತಿಗೆ ಸುತ್ತು ಸರಿಯಾಗಿ ಸೊನ್ನೆಗೆ ಬಂದಿರಬೇಕು. ವೈಟ್ ನಿಂತ ಮೇಲೆ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತಿದ್ದರೆ ನಿಮಗೆ ಗೊತ್ತಿಲ್ಲದೆ ಸೈಡ್ (ವೈಟ್‌ನ ನಡುವಿನಿಂದ ಎಡಕ್ಕೋ ಬಲಕ್ಕೋ ಹೊಡೆದಾಗ ಬರುವ ಪಕ್ಕದ ಸುತ್ತು) ಹಾಕಿದ್ದೀರಿ. ಕಾರಣ ಹೆಚ್ಚಾಗಿ ಎರಡು: ಹೊಡೆಯುವ ಗಳಿಗೆಯಲ್ಲಿ ಹಿಂದಿನ ಮುಷ್ಟಿ ಬಿಗಿಯುವುದು, ಅಥವಾ ಪಾಟ್ ಆಯಿತೇ ನೋಡಲು ತಲೆ ಎತ್ತುವುದು. ಬಾಲ್ ಪಾಕೆಟ್‌ಗೆ ಬೀಳುವವರೆಗೂ ಗಲ್ಲ ಕ್ಯೂ ಮೇಲೆಯೇ ಇರಲಿ. 4 ಅಡಿಯಲ್ಲಿ ಹತ್ತಕ್ಕೆ ಒಂಬತ್ತು ಸಲ ವೈಟ್ ಒಂದು ಬಾಲ್ ಅಗಲದೊಳಗೆ ನಿಂತರೆ ಮುಂದಕ್ಕೆ ಹೋಗಿ.

ಕೋನವಿರುವ ಶಾಟ್‌ನಲ್ಲಿ ವೈಟ್ ಎತ್ತ ಹೋಗುತ್ತದೆ ಎಂಬುದಕ್ಕೆ ಮೂರು ಲೆಕ್ಕ ಕಂಠಪಾಠವಿರಲಿ.

ಸ್ಟನ್, ಅಂದರೆ ತಾಗುವಾಗ ವೈಟ್‌ಗೆ ಮುಂದಿನ ಸುತ್ತೂ ಇಲ್ಲ, ಹಿಂದಿನದೂ ಇಲ್ಲ. ಆಗ ಪಾಟ್ ಆದ ಬಾಲ್ ಹೋದ ಗೆರೆಗೆ 90 ಡಿಗ್ರಿಯಲ್ಲಿ ವೈಟ್ ಸರಿಯುತ್ತದೆ.

ಸಹಜವಾಗಿ ಉರುಳುತ್ತಾ ಬಂದ ವೈಟ್, ಕಾಲು ಬಾಲ್‌ನಿಂದ ಮುಕ್ಕಾಲು ಬಾಲ್‌ವರೆಗಿನ (ಹೊಡೆಯುವಾಗ ವೈಟ್ ಎದುರಿನ ಬಾಲಿನ ಅಷ್ಟು ಭಾಗವನ್ನು ಮುಚ್ಚುವ) ಯಾವ ಹೊಡೆತದಲ್ಲೂ, ತಾನು ಬರುತ್ತಿದ್ದ ಗೆರೆಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ತೋರುಬೆರಳು, ನಡುಬೆರಳು ಅಗಲಿಸಿ ಹಿಡಿದರೆ ಹೆಚ್ಚುಕಮ್ಮಿ ಅಷ್ಟೇ ಕೋನ. ಒಂದು ಬೆರಳನ್ನು ವೈಟ್ ಬರುವ ಗೆರೆಗೆ ಹಿಡಿದರೆ ಇನ್ನೊಂದು ಬೆರಳು ವೈಟ್ ಹೋಗುವ ದಾರಿ ತೋರಿಸುತ್ತದೆ. ಆಟದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಲೆಕ್ಕ ಇದು. ಇನ್-ಆಫ್ (ವೈಟ್ ಪಾಕೆಟ್‌ಗೆ ಬೀಳುವುದು) ಆಗುತ್ತದೋ ಇಲ್ಲವೋ ಎಂಬುದೂ ಮೊದಲೇ ತಿಳಿದುಬಿಡುತ್ತದೆ.

ಒಳ್ಳೆಯ ಸ್ಕ್ರೂ (ವೈಟ್‌ನ ಕೆಳಭಾಗಕ್ಕೆ ಹೊಡೆದು ಕೊಡುವ ಹಿಂದಿನ ಸುತ್ತು) ಹಾಕಿ, ದಪ್ಪ, ಅಂದರೆ ಬಾಲಿನ ಬಹುಪಾಲಿಗೆ ತಾಗುವಂತೆ, ಹೊಡೆದಾಗ ವೈಟ್ ಹಿಂದಕ್ಕೆ ಬರುವುದು ಕಟ್‌ನ ಕೋನದ ಮೂರು ಪಟ್ಟಿನಲ್ಲಿ. ಕಟ್ 10 ಡಿಗ್ರಿಯಿದ್ದರೆ, ಬಂದ ಗೆರೆಯಿಂದ 30 ಡಿಗ್ರಿ ಆಚೆಗೆ ಹಿಂದೆ ಸರಿಯುತ್ತದೆ. ತೆಳು ಕಟ್‌ಗೆ ಈ ಲೆಕ್ಕ ನಡೆಯದು.

ಸೈಡ್ ಹಾಕುವುದನ್ನು ಇವೆಲ್ಲ ಕೈಗೆ ಕೂತ ಮೇಲೆ ಕಲಿಯಿರಿ. ಬಲಕ್ಕೆ ಹೊಡೆದರೆ ವೈಟ್ ಸ್ವಲ್ಪ ಎಡಕ್ಕೆ ಜಿಗಿದು ಹೊರಡುತ್ತದೆ, ಆಮೇಲೆ ನಿಧಾನಕ್ಕೆ ಬಲಕ್ಕೆ ಬಾಗುತ್ತದೆ. ಎಷ್ಟು ಜಿಗಿತ, ಎಷ್ಟು ಬಾಗು ಎಂಬುದು ಕ್ಯೂ, ವೇಗ, ದೂರದ ಮೇಲಿದೆ. ಪಾರ್ಲರ್‌ನ ಗೋಡೆಗೊರಗಿದ ಕ್ಯೂ ದಿನಕ್ಕೊಂದು ತೆಗೆದುಕೊಂಡು ಆಡುವವರಿಗೆ ಇದು ಎಂದೂ ಕೈಗೆ ಬರುವುದಿಲ್ಲ. ಸ್ವಂತ ಕ್ಯೂ ಬೇಕು ಎನ್ನುವುದು ಈ ಒಂದು ಕಾರಣಕ್ಕೆ.

7, 8, 9: ಮೂರು ಬಾಲ್ ಹತ್ತಿರದಿಂದ

ಟೇಬಲ್ ಮೇಲೆ ಇದನ್ನು ಇಟ್ಟುಕೊಂಡೇ ಓದಿ. 7 ನಿಮಗೆ ದೂರದ ಬಲಗೈ ಮೂಲೆಯಿಂದ ಒಂದು ಡೈಮಂಡ್ (ಕುಶನ್‌ನ ಮರದ ಮೇಲಿನ ಗುರುತು) ಈಚೆಗೆ, ಉದ್ದ ಕುಶನ್‌ನಿಂದ ಎರಡು ಇಂಚು ಒಳಗೆ. 8 ಎಡಗಡೆಯ ಸೈಡ್ ಪಾಕೆಟ್ ಹತ್ತಿರ. 9 ಎಲ್ಲಾದರೂ ಇರಲಿ. 7 ಆ ಮೂಲೆಗೇ ಹೋಗಬೇಕು, ವೈಟ್ ಟೇಬಲ್ ನಡುವಿಗೆ ಬರಬೇಕು.

ವೈಟ್ 7ಕ್ಕೂ ಪಾಕೆಟ್‌ಗೂ ನೇರ ನಿಂತಿದ್ದರೆ ಪಾಟ್ ಬಲು ಸುಲಭ. ಆದರೆ ವೈಟ್ ಅದೇ ಗೆರೆಯಲ್ಲಿ ಮುಂದೆ ಅಥವಾ ಹಿಂದೆ ಮಾತ್ರ ಹೋಗಬಲ್ಲದು. ಮುಂದೆ ಹೋದರೆ ಇನ್-ಆಫ್. ಹಿಂದೆ ಬಂದರೆ ಬಲ ಕುಶನ್‌ಗೆ ಅಂಟಿಕೊಂಡೇ ಬರುತ್ತದೆ, 8ಕ್ಕೆ ಇಡೀ ಅಗಲದ ಶಾಟ್ ಉಳಿಯುತ್ತದೆ. ಪಾರ್ಲರ್‌ನಲ್ಲಿ "ಸ್ಟ್ರೇಟ್ ಸಿಕ್ತು" ಎಂದು ಖುಷಿಪಡುವ ಜಾಗ ಇದೇ, ಚಾಂಪಿಯನ್ ಬೈದುಕೊಳ್ಳುವ ಜಾಗವೂ ಇದೇ.

ಈಗ ವೈಟನ್ನು ಆ ಗೆರೆಯಿಂದ ಟೇಬಲ್ ನಡುವಿನ ಕಡೆಗೆ, 20–30 ಡಿಗ್ರಿ ಕೋನ ಬರುವಂತೆ ಇಡಿ. ಸ್ಟನ್ ಹೊಡೆದರೆ ವೈಟ್ ಬಲ ಕುಶನ್‌ಗೆ ತಾಗಿ ಅಡ್ಡಕ್ಕೆ ಎಡಗಡೆಗೆ ಸರಿಯುತ್ತದೆ. ಸ್ವಲ್ಪ ಫಾಲೋ (ಮುಂದಿನ ಸುತ್ತು) ಹಾಕಿದರೆ ಬಲ ಕುಶನ್, ಆಮೇಲೆ ದೂರದ ಗಿಡ್ಡ ಕುಶನ್ ಎರಡಕ್ಕೂ ತಾಗಿ ನಡುವಿಗೆ ಬರುತ್ತದೆ. ಎರಡೂ ಸಲ ಮೆತ್ತನೆಯ ಹೊಡೆತ ಸಾಕು. ಎರಡನ್ನೂ ಹತ್ತತ್ತು ಸಲ ಹೊಡೆದು, ವೈಟ್ ನಿಂತ ಕಡೆ ಒಂದೊಂದು ಕಾಗದದ ಚೂರು ಇಟ್ಟು ನೋಡಿ. ಯಾವ ದಾರಿಯ ಚೂರುಗಳು 8ರ ಪಾಟ್ ಗೆರೆಯ ಉದ್ದಕ್ಕೆ ಬೀಳುತ್ತವೋ ಆ ದಾರಿ ಆರಿಸಿ. ಗೆರೆಯನ್ನು ಅಡ್ಡ ದಾಟುವ ದಾರಿಯಲ್ಲಿ ವೇಗ ಕೂದಲೆಳೆ ತಪ್ಪಿದರೂ ಶಾಟ್ ಹೋಯಿತು. ಗೆರೆಯುದ್ದಕ್ಕೆ ಬರುವ ದಾರಿಯಲ್ಲಿ ಒಂದು ಅಡಿ ಹೆಚ್ಚು ಕಡಿಮೆಯಾದರೂ ಶಾಟ್ ಉಳಿಯುತ್ತದೆ. ವಿಶ್ವ ಮಟ್ಟದವರ ವೈಟ್ ಇಂಚು ಇಂಚು ಲೆಕ್ಕದಲ್ಲಿ ನಿಲ್ಲುತ್ತದೆ ಎಂಬ ಮಾತು ಅರ್ಧ ನಿಜ. ಇಂಚು ತಪ್ಪಿದರೂ ಕೆಡದ ದಾರಿಯನ್ನು ಆರಿಸುತ್ತಾರೆ ಎನ್ನುವುದು ಉಳಿದರ್ಧ.

ಇದರಿಂದ ಒಂದು ಕೆಲಸ ಹುಟ್ಟುತ್ತದೆ: 6 ಹೊಡೆಯುವಾಗಲೇ 7ರ ಯಾವ ಬದಿಗೆ ವೈಟ್ ಬೇಕು ಎಂದು ನಿಶ್ಚಯಿಸಬೇಕು, ಅದಕ್ಕೆ 8 ಎಲ್ಲಿದೆ ಎಂದು ನೋಡಿರಬೇಕು. ಯಾವಾಗಲೂ ಮೂರು ಬಾಲ್ ಕಣ್ಣಲ್ಲಿರಲಿ. ಕೇರಂ ಚೆನ್ನಾಗಿ ಆಡುವವರು ಪಾಟ್ ಕೋನವನ್ನು ಬೇಗ ಹಿಡಿಯುತ್ತಾರೆ, ಆದರೆ ಅಲ್ಲಿ ಸ್ಟ್ರೈಕರ್ ಪ್ರತಿ ಸಲ ಕೈಗೆ ವಾಪಸ್ ಬರುವುದರಿಂದ ಈ ಯೋಚನೆಯ ರೂಢಿ ಇರುವುದಿಲ್ಲ. ಅಂಥವರು ಪಾಟಿಂಗ್ ಅಭ್ಯಾಸ ಬಿಟ್ಟು ಇಲ್ಲಿಗೇ ಹೆಚ್ಚು ಸಮಯ ಕೊಡಲಿ.

ಬ್ರೇಕ್

9-ಬಾಲ್‌ನಲ್ಲಿ 1 ಮುಂದೆ, 9 ನಡುವೆ, ವಜ್ರದಾಕಾರ. ಬ್ರೇಕ್‌ನಲ್ಲಿ ಒಂದಾದರೂ ಬಾಲ್ ಪಾಕೆಟ್‌ಗೆ ಬೀಳಬೇಕು, ಇಲ್ಲವೇ ನಾಲ್ಕು ಬಾಲ್ ಕುಶನ್ ಮುಟ್ಟಬೇಕು.

ಮೊದಲು ರ್ಯಾಕ್ ನೋಡಿ. ಬಾಲ್‌ಗಳು ಒಂದಕ್ಕೊಂದು ತಾಗಿರಬೇಕು. ಬಗ್ಗಿ, ಬೆಳಕಿಗೆ ಎದುರಾಗಿ ನೋಡಿದರೆ ಸಂದು ಕಾಣುತ್ತದೆ. ಹಳೆ ಬಟ್ಟೆಯಲ್ಲಿ ಸ್ಪಾಟ್ (ರ್ಯಾಕ್‌ನ ಮುಂದಿನ ಬಾಲ್ ಇಡುವ ಗುರುತು) ಸುತ್ತ ಗುಳಿ ಬಿದ್ದಿರುತ್ತದೆ, ಬಾಲ್‌ಗಳು ಗುಳಿಗೆ ಕೂತು ಬೇರ್ಪಡುತ್ತವೆ. ಆಗ ಇಡೀ ರ್ಯಾಕನ್ನು ಕಾಲು ಇಂಚು ಸರಿಸಿ ಅಭ್ಯಾಸ ಮಾಡಿ. ಸಂದಿರುವ ರ್ಯಾಕ್ ಮೇಲೆ ಎಷ್ಟು ಜೋರಾಗಿ ಹೊಡೆದರೂ ಶಕ್ತಿ ಹಿಂದಿನ ಬಾಲ್‌ಗಳಿಗೆ ತಲುಪದು.

ವೈಟನ್ನು ಹೆಡ್ ಲೈನ್ (ಬ್ರೇಕ್ ಹೊಡೆಯುವ ತುದಿಯಿಂದ ಎರಡನೇ ಡೈಮಂಡ್‌ನ ಅಡ್ಡ ಗೆರೆ) ಹಿಂದೆ, ಉದ್ದ ಕುಶನ್‌ನಿಂದ ಒಂದು ಗೇಣು ಒಳಗೆ ಇಟ್ಟು 1ಕ್ಕೆ ಪೂರ್ತಿ ದಪ್ಪ ಹೊಡೆಯಿರಿ. ವೈಟ್ ಸ್ವಲ್ಪ ಹಿಂದಕ್ಕೆ ಪುಟಿದು ಟೇಬಲ್ ನಡುವೆ ಕೂರಬೇಕು. ಕೂರದೆ ಪಕ್ಕದ ಕುಶನ್‌ಗೆ ಓಡಿದರೆ 1ಕ್ಕೆ ಪೂರ್ತಿ ತಾಗಿಲ್ಲ. ಗಾಳಿಗೆ ಹಾರಿದರೆ ಕ್ಯೂನ ಹಿಂಬದಿ ತುಂಬ ಎತ್ತಿದ್ದೀರಿ. ಎರಡಕ್ಕೂ ಮೂಲ ಒಂದೇ, ಅತಿ ಜೋರು. ನಿಮ್ಮ ಪೂರ್ತಿ ಬಲದ ಮೂರರಲ್ಲಿ ಎರಡು ಭಾಗದಿಂದ ಶುರು ಮಾಡಿ, ವೈಟ್ ನಡುವೆ ನಿಲ್ಲುವುದು ಖಚಿತವಾದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ. ಇಪ್ಪತ್ತು ಬ್ರೇಕ್ ಬರೆದಿಡಿ: ಬಾಲ್ ಬಿತ್ತೇ, ವೈಟ್ ನಡುವೆ ನಿಂತಿತೇ, 1ಕ್ಕೆ ಶಾಟ್ ಸಿಕ್ಕಿತೇ. ಮೂರಕ್ಕೂ ಹೌದು ಬಂದದ್ದನ್ನು ಮಾತ್ರ ಒಳ್ಳೆ ಬ್ರೇಕ್ ಎಂದು ಎಣಿಸಿ. 2022ರ ಚಾಂಪಿಯನ್ ಶೇನ್ ವ್ಯಾನ್ ಬೋನಿಂಗ್ ಅವರ ಬ್ರೇಕ್‌ನ ಬಲ ಎಲ್ಲರ ಕಣ್ಣಿಗೂ ಬೀಳುತ್ತದೆ, ವಿಡಿಯೊ ನಿಲ್ಲಿಸಿ ಅವರ ವೈಟ್ ನಿಂತ ಜಾಗ ನೋಡುವವರು ಕಡಿಮೆ.

ಶಾಟ್ ಇಲ್ಲದಾಗ

ನಮ್ಮ ಊರುಗಳಲ್ಲಿ ಸೇಫ್ ಆಡುವವರನ್ನು, ಅಂದರೆ ಪಾಟ್‌ಗೆ ಹೋಗದೆ ಎದುರಾಳಿಗೆ ಶಾಟ್ ಸಿಗದಂತೆ ಆಡುವವರನ್ನು, ಹೇಡಿ ಎಂದು ನಗುತ್ತಾರೆ. ಸೋತವರು ಟೇಬಲ್ ದುಡ್ಡು ಕೊಡುವ ಆಟದಲ್ಲಿ ಹತ್ತು ನಿಮಿಷ ಸೇಫ್ ಎಳೆದರೆ ಮೀಟರ್ ಓಡುತ್ತದೆ, ಅದೂ ಒಂದು ಕಾರಣ. ವಿಶ್ವ ಮಟ್ಟದಲ್ಲಿ ಅರ್ಧ ಆಟ ಇದೇ. ಫೌಲ್ ಮಾಡಿದರೆ ಎದುರಾಳಿಗೆ ವೈಟ್ ಕೈಗೆ ಸಿಗುತ್ತದೆ, ಆ ಮಟ್ಟದಲ್ಲಿ ಅದು ರ್ಯಾಕ್ ಬಿಟ್ಟುಕೊಟ್ಟ ಹಾಗೆ. ಸತತ ಮೂರು ಫೌಲ್ ಆದರೆ ರ್ಯಾಕ್ ನೇರವಾಗಿ ಹೋಗುತ್ತದೆ.

ನಿಯಮದ ಒಂದು ಅಂಶ ಪಾರ್ಲರ್ ಆಟಗಾರರಿಗೆ ಮರೆತೇ ಹೋಗಿರುತ್ತದೆ: ಚಿಕ್ಕ ನಂಬರಿನ ಬಾಲ್‌ಗೆ ಮೊದಲು ತಾಗಿದರೆ ಸಾಲದು, ತಾಗಿದ ಮೇಲೆ ಯಾವುದಾದರೂ ಬಾಲ್ ಕುಶನ್ ಮುಟ್ಟಬೇಕು ಅಥವಾ ಪಾಕೆಟ್‌ಗೆ ಬೀಳಬೇಕು. ಸುಮ್ಮನೆ ಮುಟ್ಟಿ ಬಿಟ್ಟರೆ ಫೌಲ್.

ಸೇಫ್ ಅಭ್ಯಾಸಕ್ಕೆ 1 ಮತ್ತು ಅಡ್ಡಕ್ಕೆ ಎರಡು ಬಾಲ್ ಇಟ್ಟು, ವೈಟ್ ಅಡ್ಡ ಬಾಲ್‌ಗಳ ಹಿಂದೆ ಅಡಗುವಂತೆ ಹತ್ತು ಸಲ ಆಡಿ. ವೈಟ್ ಅಡ್ಡ ಬಾಲ್‌ಗೆ ಹತ್ತಿರವಾದಷ್ಟೂ ಮರೆ ಅಗಲ: 4 ಇಂಚು ಹಿಂದೆ ನಿಂತರೆ ಟೇಬಲ್‌ನ ದೊಡ್ಡ ಭಾಗ ಕಾಣದು, 2 ಅಡಿ ಹಿಂದೆ ನಿಂತರೆ ಬರೀ ಒಂದು ಪಟ್ಟಿ ಮರೆಯಾಗುತ್ತದೆ. ವೈಟ್, 1 ಎರಡನ್ನೂ ಬೇಕಾದ ಕಡೆ ನಿಲ್ಲಿಸಲು ಹೋಗಬೇಡಿ. ಒಂದನ್ನು ಕರಾರುವಾಕ್ಕಾಗಿ ನಿಲ್ಲಿಸಿ, ಇನ್ನೊಂದನ್ನು ದೂರಕ್ಕೆ ಕಳಿಸಿ.

ಬ್ರೇಕ್ ಆದ ತಕ್ಷಣದ ಶಾಟ್‌ನಲ್ಲಿ ಮಾತ್ರ ಪುಶ್-ಔಟ್ ಹೇಳಬಹುದು. ಯಾವ ಬಾಲ್‌ಗೂ ತಾಗದೆ ವೈಟನ್ನು ಸರಿಸಬಹುದು, ಆಮೇಲೆ ಎದುರಾಳಿ ಆಡಬಹುದು ಅಥವಾ ನಿಮಗೇ ಆಡಲು ಹೇಳಬಹುದು. ಇದರಲ್ಲಿ ಗೆಲ್ಲುವ ಉಪಾಯ ಸರಳ: ನಿಮಗೆ ಚೆನ್ನಾಗಿ ಬರುವ, ಎದುರಾಳಿಗೆ ಅಷ್ಟಾಗಿ ಬಾರದ ಶಾಟ್ ಉಳಿಯುವ ಕಡೆ ಸರಿಸಿ. ಹಾಗೆ ಸರಿಸಬೇಕಾದರೆ ಎದುರಾಳಿಯ ಆಟ ಮೊದಲೇ ನೋಡಿರಬೇಕು.

ನೀವೇ ಮರೆಯಲ್ಲಿ ಸಿಕ್ಕಾಗ ಕುಶನ್‌ನಿಂದ ಬಂದು ಹೊಡೆಯಬೇಕು. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ಚಾಂಪಿಯನ್ ಆದ ಫಿಲಿಪ್ಪೀನ್ಸ್‌ನ ಎಫ್ರೆನ್ ರೆಯೆಸ್‌ಗೆ ಮ್ಯಾಜಿಷಿಯನ್ ಎಂಬ ಹೆಸರು ಅಂಟಿದ್ದರಲ್ಲಿ ಈ ವಿದ್ಯೆಯ ಪಾಲು ದೊಡ್ಡದು. ಅವರದು ಬರೀ ಮುಟ್ಟುವುದಲ್ಲ, ಮುಟ್ಟಿ ಪಾಟ್ ಮಾಡುವುದು ಅಥವಾ ಎದುರಾಳಿಯನ್ನೇ ಮರೆಗೆ ತಳ್ಳುವುದು.

ಒಂದು ಕುಶನ್‌ಗೆ ಕನ್ನಡಿ ಲೆಕ್ಕ ಸಾಕು. ಗುರಿಯ ಬಾಲ್ ಕುಶನ್‌ನಿಂದ ಎಷ್ಟು ದೂರವಿದೆಯೋ ಅಷ್ಟೇ ದೂರ ಕುಶನ್‌ನ ಆಚೆ ಅದೇ ಬಾಲ್ ಇದೆ ಎಂದುಕೊಂಡು ಆ ಜಾಗಕ್ಕೆ ಹೊಡೆಯಿರಿ. ಅಳತೆಯನ್ನು ಕುಶನ್ ಅಂಚಿನಿಂದ ತೆಗೆಯಬೇಡಿ, ಅಂಚಿನಿಂದ ಅರ್ಧ ಬಾಲ್, ಅಂದರೆ ಒಂದು ಇಂಚಿಗಿಂತ ಚೂರು ಹೆಚ್ಚು, ಈಚೆಯಿಂದ ತೆಗೆಯಿರಿ. ವೈಟ್‌ನ ನಡು ತಿರುಗುವುದು ಅಲ್ಲಿ. ಜೋರಾಗಿ ಹೊಡೆದರೆ ವೈಟ್ ಲೆಕ್ಕಕ್ಕಿಂತ ಕಿರಿದಾಗಿ ವಾಪಸಾಗುತ್ತದೆ, ಕುಶನ್ ಉದ್ದಕ್ಕೆ ವೈಟ್ ಓಡುವ ದಿಕ್ಕಿಗೆ ಸೈಡ್ ಹಾಕಿದರೆ ಅಗಲವಾಗುತ್ತದೆ. ಮಧ್ಯಮ ವೇಗ, ಸೈಡ್ ಇಲ್ಲದೆ ಶುರು ಮಾಡಿ.

ಮೂರು ಕುಶನ್‌ಗೆ ಡೈಮಂಡ್ ಲೆಕ್ಕ. ಉದ್ದ ಕುಶನ್ ಪಾಕೆಟ್‌ನಿಂದ ಪಾಕೆಟ್‌ಗೆ 8 ಭಾಗ, ಗಿಡ್ಡದ್ದು 4. ಡೈಮಂಡ್ ಗುರುತಿಲ್ಲದ ಟೇಬಲ್ ಆದರೆ ಮರದ ಮೇಲೆ ಸಣ್ಣ ಟೇಪ್ ಅಂಟಿಸಿಕೊಳ್ಳಿ: 8 ಅಡಿ ಟೇಬಲ್‌ಗೆ 11 ಇಂಚಿಗೊಂದು, 9 ಅಡಿಗೆ 12.5 ಇಂಚಿಗೊಂದು. ವೈಟ್ ಹೊರಡುವ ಹತ್ತಿರದ ಮೂಲೆಗೆ 5 ಎಂಬ ಬೆಲೆ. ಎದುರಿನ ಉದ್ದ ಕುಶನ್ ಮೇಲೆ ದೂರದ ಮೂಲೆಯಿಂದ 1, 2, 3 ಎಂದು ಎಣಿಸಿ. ವೈಟ್ ಹೊರಟ ಕಡೆಯ ಉದ್ದ ಕುಶನ್ ಮೇಲೂ ದೂರದ ಮೂಲೆಯಿಂದ ಹಾಗೆಯೇ. ಹೊರಡುವ ಬೆಲೆಯಿಂದ ಮೊದಲ ಕುಶನ್‌ನ ಬೆಲೆ ಕಳೆದರೆ ಮೂರನೇ ಕುಶನ್‌ನಲ್ಲಿ ತಲುಪುವ ಜಾಗ. 5ರ ಮೂಲೆಯಿಂದ 3ಕ್ಕೆ ಹೊಡೆದರೆ 2ರ ಹತ್ತಿರ ಬರಬೇಕು, ಓಡುವ ದಿಕ್ಕಿನ ಸೈಡ್ ಹಾಕಿ. ಇದು ಟೇಬಲ್‌ನಿಂದ ಟೇಬಲ್‌ಗೆ ಬದಲಾಗುತ್ತದೆ. ಹಾಗಾಗಿ ಹೊಸ ಟೇಬಲ್‌ಗೆ ಹೋದ ತಕ್ಷಣ ಈ ಒಂದು ಶಾಟನ್ನು ನಾಲ್ಕು ಸಲ ಹೊಡೆದು, ಅರ್ಧ ಡೈಮಂಡ್ ಮುಂದೆ ಬೀಳುತ್ತದೋ ಹಿಂದೆಯೋ ನೋಡಿ, ಅವತ್ತು ಪೂರ್ತಿ ಅಷ್ಟನ್ನು ಕೂಡಿಸಿ ಕಳೆದು ಆಡಿ.

ಪಂದ್ಯದ ಗಡಿಯಾರ, ಬೆಂಗಳೂರಿನ ದಾರಿ

ದೊಡ್ಡ ಟೂರ್ನಿಗಳಲ್ಲಿ ಶಾಟ್‌ಗೆ 30 ಸೆಕೆಂಡ್, ರ್ಯಾಕ್‌ಗೆ ಒಂದು ಎಕ್ಸ್‌ಟೆನ್ಶನ್ (ಹೆಚ್ಚುವರಿ ಸಮಯ). ನಿಂತು ಯೋಚಿಸುವುದು, ಬಗ್ಗಿ ಹೊಡೆಯುವುದು, ಎರಡನ್ನೂ ಬೇರೆ ಮಾಡಿ. ನಿಂತಿದ್ದಾಗ ಪಾಕೆಟ್, ವೇಗ, ವೈಟ್ ನಿಲ್ಲುವ ಜಾಗ ಮೂರೂ ತೀರ್ಮಾನವಾಗಿರಲಿ. ಬಗ್ಗಿದ ಮೇಲೆ ಮನಸ್ಸು ಬದಲಾದರೆ ಎದ್ದು ನಿಂತು ಮತ್ತೆ ಬಗ್ಗಿ. ಬಗ್ಗಿಕೊಂಡೇ ತಿದ್ದಿದ ಶಾಟ್ ತಪ್ಪುತ್ತದೆ, ಯಾಕೆಂದರೆ ಕಾಲು ಹಳೆ ಗೆರೆಯ ಮೇಲೇ ಇರುತ್ತದೆ. ಮೊಬೈಲ್‌ನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಗೋಸ್ಟ್ ಆಡಿದರೆ ಇದು ವಾರದಲ್ಲಿ ರೂಢಿಯಾಗುತ್ತದೆ.

ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿ.ಮೀ., ಬೆಳಗಿನ ರೈಲು ಹಿಡಿದು ರಾತ್ರಿಗೆ ವಾಪಸ್ ಬರಬಹುದು. ವಾರದ ಐದು ದಿನ ಊರಿನ 8 ಅಡಿಯಲ್ಲಿ ಸ್ಟಾಪ್ ಶಾಟ್, ಪೊಸಿಷನ್, ಗೋಸ್ಟ್ ಆಡಿ, ಒಂದು ದಿನ ಅಲ್ಲಿ 9 ಅಡಿಯ, ಜೂಲಿಲ್ಲದ ಬಟ್ಟೆಯ ಟೇಬಲ್ ಹುಡುಕಿ ಬ್ರೇಕ್, ಉದ್ದದ ಸ್ಟಾಪ್ ಶಾಟ್, ಡೈಮಂಡ್ ಲೆಕ್ಕಗಳಿಗೆ ಮೀಸಲಿಡಿ. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ. ರಾಷ್ಟ್ರ ಮಟ್ಟದಲ್ಲಿ ಭಾರತೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಶನ್ 8-ಬಾಲ್, 9-ಬಾಲ್, 10-ಬಾಲ್ ಪೂಲ್ ಚಾಂಪಿಯನ್‌ಶಿಪ್‌ಗಳನ್ನು ನಡೆಸುತ್ತದೆ. ಬಿಲಿಯರ್ಡ್ಸ್, ಸ್ನೂಕರ್‌ನಲ್ಲಿ ಪಂಕಜ್ ಅಡ್ವಾಣಿ ಬೆಂಗಳೂರಿನಿಂದಲೇ ಹೋಗಿ ಎರಡು ಡಜನ್‌ಗೂ ಮೀರಿ ವಿಶ್ವ ಪ್ರಶಸ್ತಿ ತಂದಿದ್ದಾರೆ. ಪುರುಷರ ವಿಶ್ವ 9-ಬಾಲ್ ಗೆದ್ದವರ ಪಟ್ಟಿಯಲ್ಲಿ ಭಾರತದ ಹೆಸರು ಇನ್ನೂ ಇಲ್ಲ.

ಮೊದಲ ಸಲ ರಾಜ್ಯ ಟೂರ್ನಿಗೆ ಹೋಗುವವರು ಸ್ವಂತ ಚಾಕ್, ಟಿಪ್ ಉಜ್ಜುವ ಕಾಗದ, ಕೈ ಒರೆಸುವ ಬಟ್ಟೆ ಇಟ್ಟುಕೊಳ್ಳಿ. ಬಟ್ಟೆಬರೆ, ಶೂ ಬಗ್ಗೆ ಏನು ನಿಯಮವಿದೆ ಎಂದು ಹಿಂದಿನ ದಿನವೇ ವಿಚಾರಿಸಿ. ಆಟ ಶುರುವಾಗುವ ಮುನ್ನ ರೆಫರಿಯನ್ನು ನಾಲ್ಕು ವಿಷಯ ಕೇಳಿ: ಬ್ರೇಕ್ ಎಲ್ಲಿಂದ ಹೊಡೆಯಬೇಕು, ಗೆದ್ದವರ ಬ್ರೇಕೋ ಸರದಿಯ ಬ್ರೇಕೋ, ಬ್ರೇಕ್‌ನಲ್ಲಿ 9 ಬಿದ್ದರೆ ಗೆಲುವೋ ವಾಪಸ್ ಸ್ಪಾಟ್‌ಗೋ, ತೋಳು ತಗಲಿ ಬಣ್ಣದ ಬಾಲ್ ಅಲುಗಿದರೆ ಫೌಲೋ ಅಥವಾ ವೈಟ್ ಅಲುಗಿದರೆ ಮಾತ್ರವೋ. ನಾಲ್ಕೂ ಟೂರ್ನಿಯಿಂದ ಟೂರ್ನಿಗೆ ಬದಲಾಗುತ್ತವೆ, ಪಂದ್ಯದ ನಡುವೆ ಕೇಳಿದರೆ ಆ ಹೊತ್ತಿಗೆ ಫೌಲ್ ಆಗಿರುತ್ತದೆ.